ಗದ್ದಲಕ್ಕೆ ತೊಡಿಸಿದ ಬಳೆ

ಮೊನ್ನೆ ಇವರ ಅಂಗಿಗೊಂದು ಗುಂಡಿ ಬೇಕಾಗಿ ಹೊಲಿಗೆಯ ಡಬ್ಬಿಯನ್ನು ನೆಲದ ಮೇಲೆ ಬೋರಲು ಹಾಕಿದೆ. ಇವರು ಎಂದರೆ ನಮ್ಮ ಯಜಮಾನರು. ಹೆಸರು ಹಿಡಿದು ಬರೆಯುವುದಕ್ಕೆ ನನ್ನ ಕೈಗೆ ಇನ್ನೂ ಅಭ್ಯಾಸವಾಗಿಲ್ಲ. ಹೊಲಿಗೆಯ ಡಬ್ಬಿ ಎಂದರೂ ಅದು ಯಾವುದೋ ದೀಪಾವಳಿಗೆ ಬಂದ ಬಿಸ್ಕತ್ತಿನ ತಗಡಿನ ಡಬ್ಬಿಯೇ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಬಿಸ್ಕತ್ತು ಮುಗಿದ ಮೇಲೆ ಅದರೊಳಗೆ ಸೂಜಿ ದಾರ ಬಂದು ಕೂರದ ಮನೆಯನ್ನು ನಾನಂತೂ ಕಂಡಿಲ್ಲ. ಉದುರಿದ ಗುಂಡಿಗಳು, ರವಿಕೆಯ ಕೊಕ್ಕೆಗಳು, ಲಂಗದ ಲಾಡಿ, ಮಗಳು ವಾಣಿಯ ಶಾಲೆಯ ಬಿಲ್ಲೆ, ಇನ್ನೊಂದು ಸಿಗದ ಓಲೆ ಎಲ್ಲ ಬಿದ್ದವು. ಕೊನೆಗೆ ಟಣ್ ಎಂದು ಒಂದು ಕಪ್ಪು ಬಳೆ ಬಿದ್ದು, ಉರುಳಿಕೊಂಡು ಹೋಗಿ ಕಪಾಟಿನ ಕೆಳಗೆ ಸೇರಿತು.

ಬಳೆ ಎಂದರೆ ಬೊಂಬೆಯ ಕೈಗೆ ಆಗುವಷ್ಟು ದೊಡ್ಡದು. ಕಬ್ಬಿಣವಲ್ಲ, ಪ್ಲಾಸ್ಟಿಕ್ಕೂ ಅಲ್ಲ, ಕಲ್ಲಿನ ಹಾಗೆ ತಣ್ಣಗಿರುತ್ತದೆ. ಅಯಸ್ಕಾಂತ ಬಂದು ಇದನ್ನು ಹಿಡಿದುಕೊಳ್ಳುತ್ತದೆ, ಆದರೆ ಇದು ಒಂದು ಸೂಜಿಯನ್ನೂ ಹಿಡಿದುಕೊಳ್ಳುವುದಿಲ್ಲ. ಇವರ ಬಾಯಲ್ಲಿ ಅದು ಫೆರೈಟ್. ಕಪಾಟಿನ ಕೆಳಗೆ ಪೊರಕೆಯ ಕಡ್ಡಿ ಆಡಿಸಿ ಅದನ್ನು ಹೊರಗೆ ತೆಗೆಯುವ ಹೊತ್ತಿಗೆ ಗುಂಡಿಯ ವಿಷಯ ಮರೆತೇಹೋಗಿತ್ತು. ಆ ದಿನ ಇವರು ಇನ್ನೊಂದು ಅಂಗಿ ಹಾಕಿಕೊಂಡು ಆಫೀಸಿಗೆ ಹೋದರು.

ಈ ಬಳೆಯ ಕತೆ ಹೇಳಬೇಕಾದರೆ ಮೊದಲು ಮಲಾಡಿನ ನಮ್ಮ ಮನೆಯ ಬಾಗಿಲಿನ ಕತೆ ಹೇಳಬೇಕು.

ಮಾವನವರು ರೈಲ್ವೆಯಲ್ಲಿ ತಂತಿ ಗುಮಾಸ್ತರಾಗಿದ್ದವರು. ಬೀರೂರು, ಅರಸೀಕೆರೆಗಳಲ್ಲಿ ಕಟ್ಟಕಡ ಕಟ್ಟಕಡ ಎಂದು ಬಡಿದುಕೊಳ್ಳುವ ಯಂತ್ರದ ಎದುರು ಕೂತು, ಒಂದು ಕೈಯಲ್ಲಿ ಕಾಫಿ ಹಿಡಿದು, ಇನ್ನೊಂದು ಕೈಯಲ್ಲಿ ಊರೂರಿನ ಸುದ್ದಿ ಬರೆದುಕೊಂಡವರು. ನಿವೃತ್ತರಾಗಿ, ಅತ್ತೆಯವರೂ ಹೋದ ಮೇಲೆ, ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬಂದರು. ಬಂದ ವಾರದಲ್ಲೇ ಮನೆಯಲ್ಲಿ ತಮಗೊಂದು ಕೆಲಸವನ್ನು ತಾವೇ ಹುಡುಕಿಕೊಂಡರು. ಬಾಗಿಲು ತೆಗೆಯುವ ಕೆಲಸ. ಮುಂಬಯಿಯಲ್ಲಿ ಅದೇನು ಸಣ್ಣ ಕೆಲಸವಲ್ಲ. ಹಾಲಿನವನು, ಕಸದವನು, ಇಸ್ತ್ರಿಯವನು, ಗ್ಯಾಸಿನವನು, ಸೊಸೈಟಿಯ ನೋಟೀಸಿಗೆ ಸಹಿ ಹಾಕಿಸಿಕೊಳ್ಳುವ ವಾಚ್‌ಮನ್. ಬೆಲ್ಲಾಗುವ ಮೊದಲೇ, ಮೆಟ್ಟಿಲಿನ ಹೆಜ್ಜೆಯಲ್ಲೇ ಅವರಿಗೆ ಯಾರೆಂದು ತಿಳಿಯುತ್ತಿತ್ತು. "ಇಸ್ತ್ರಿಯವನು ಬಂದ, ಬಟ್ಟೆ ಕೊಡಮ್ಮ" ಎಂದ ಮೇಲೆ ಬೆಲ್ಲು ಬಡಿಯುತ್ತಿತ್ತು.

ಆ ಕಿವಿ ನಿಧಾನವಾಗಿ ಕೈಕೊಟ್ಟಿತು. ಮೊದಲು ಹೆಜ್ಜೆ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಬೆಲ್ಲು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟೆವು. ಅದು ಕೀ ಎನ್ನುತ್ತದೆ, ಮನೆಯ ಮಾತು ಬಿಟ್ಟು ಉಳಿದದ್ದನ್ನೆಲ್ಲ ಕೇಳಿಸುತ್ತದೆ ಎಂದು ಅವರು ಅದನ್ನು ಹತ್ತಿಯಲ್ಲಿ ಸುತ್ತಿ ನಶ್ಯದ ಡಬ್ಬಿಯಲ್ಲಿ ಮಲಗಿಸಿದರು. ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಅಷ್ಟಿಷ್ಟು ಕೇಳಿಸುತ್ತಿತ್ತು. ಆದರೆ ಹಾಗೆ ಕೂಗಿದ್ದು ಇಡೀ ಬಿಲ್ಡಿಂಗಿಗೂ ಕೇಳಿಸುತ್ತಿತ್ತು. ಆದ್ದರಿಂದ ವಾಣಿಯ ಹಳೆಯ ಸ್ಲೇಟು ನಮ್ಮಿಬ್ಬರ ನಡುವೆ ಓಡಾಡತೊಡಗಿತು. "ಹುಳಿಗೆ ಉಪ್ಪು ಸಾಕೇ?" ಎಂದು ಬರೆದು ಒಬ್ಬರಿಗೆ ತೋರಿಸುವುದು ಎಷ್ಟು ತಮಾಷೆ ಎಂದು ಒಂದೆರಡು ದಿನ ಅನಿಸುತ್ತದೆ. ಆಮೇಲೆ ಮನುಷ್ಯ ಉಪ್ಪನ್ನು ತಾನೇ ನೋಡಿಕೊಳ್ಳುತ್ತಾನೆ. ಸ್ಲೇಟಿನಲ್ಲಿ ಅಗತ್ಯದ ಮಾತು ಉಳಿದು ಅನಗತ್ಯದ ಮಾತು ಬಿದ್ದುಹೋಗುತ್ತದೆ. ಮನೆಯೆಂದರೆ ಮುಕ್ಕಾಲು ಪಾಲು ಅನಗತ್ಯದ ಮಾತೇ ಎಂದು ಆಗ ನನಗೆ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ರೇಷನ್ ಅಂಗಡಿಯ ಕ್ಯೂನಲ್ಲಿ ನನಗೆ ತಡವಾಯಿತು. ಬಂದು ನೋಡಿದರೆ ವಾಣಿ ಶಾಲೆಯ ಚೀಲವನ್ನು ತಲೆದಿಂಬು ಮಾಡಿಕೊಂಡು ಮೆಟ್ಟಿಲ ಮೇಲೆ ಮಲಗಿದ್ದಾಳೆ. ಆಗ ಅವಳಿಗೆ ಐದನೇ ಕ್ಲಾಸು. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವಾಗ ಮಾತ್ರ ಬಾಂದ್ರಾದಲ್ಲಿ ಹತ್ತಿ ದಾದರಿನಲ್ಲಿ ಇಳಿಯುತ್ತದೆ.

ಒಳಗೆ ಹೋದವಳೇ ತಾತನ ಎಡಗಿವಿಗೆ ಬಾಯಿಟ್ಟು, "ತಾತಾ, ಕಿತ್ನಾ ಟೈಮ್! ನಾನು ಎಷ್ಟು ಬೆಲ್ ಮಾರಿದೆ!" ಎಂದು ಕಿರುಚಿದಳು.

ಮಾವನವರು ಗಾಬರಿಯಾಗಿ, "ಬೆಲ್ಲ ಮಾರಿದೆಯಾ? ಯಾಕೆ ಮಗೂ? ಎಲ್ಲಿ?" ಎಂದರು.

ನಾವು ನಕ್ಕೆವು. ಅವರೂ ನಕ್ಕರು. ಸ್ಲೇಟಿನ ಮೇಲೆ ಆದದ್ದನ್ನು ಬರೆದು ತೋರಿಸಿದ ಮೇಲೆ ಅವರು ಮಾತ್ರ ನಗು ನಿಲ್ಲಿಸಿದರು.

ಎದುರು ಮನೆಯ ಸುಲಭಾತಾಯಿ ಆ ಸಂಜೆಯೇ ಬಂದು, ಒಂದು ಕೀಲಿ ನಮ್ಮಲ್ಲಿರಲಿ, ಹುಡುಗಿ ನೇರ ನಮ್ಮ ಮನೆಗೆ ಬರಲಿ ಎಂದರು. ಒಳ್ಳೆಯ ಹೆಂಗಸು, ಒಳ್ಳೆಯ ಮಾತು. ಕೀಲಿ ಅವರ ಮನೆಯ ಕ್ಯಾಲೆಂಡರಿನ ಮೊಳೆಗೆ ಹೋಗಿ ನೇತಾಡಿತು. ಬಾಗಿಲು ತೆರೆದಾಗಲೆಲ್ಲ ಅದು ನಮ್ಮ ಮನೆಯೊಳಗಿಂದಲೇ ಕಾಣುತ್ತಿತ್ತು. ಮಾವನವರು ಕುರ್ಚಿಯನ್ನು ಬಾಗಿಲ ಹತ್ತಿರದಿಂದ ಎಳೆದು ಕಿಟಕಿಯ ಹತ್ತಿರ ಹಾಕಿಕೊಂಡರು. "ಸ್ಟೇಷನ್ನಿನಲ್ಲಿ ಮಾಸ್ತರನ್ನ ಕೂರಿಸಿಬಿಟ್ಟು, ಸಿಗ್ನಲ್ಲು ಹಾಕೋ ಕೆಲಸಾನ ಪಕ್ಕದೂರಿಗೆ ಕೊಟ್ಟ ಹಾಗಾಯ್ತು" ಎಂದು ಒಂದೇ ಸಲ ಹೇಳಿದರು. ಎರಡನೆಯ ಸಲ ಹೇಳಿದ್ದರೆ ನಾವು ಸುಮ್ಮನಿರುತ್ತಿದ್ದೆವೋ ಏನೋ. ಒಂದೇ ಸಲ ಹೇಳಿದ್ದರಿಂದ ಇವರಿಗೆ ಅದು ನಾಟಿತು. ಅಪ್ಪನಿಗೆ ಬಾಗಿಲನ್ನು ವಾಪಸು ಕೊಡಿಸಬೇಕು ಎಂದು ಪಟ್ಟು ಹಿಡಿದರು.

ಇವರು ಜೋಗೇಶ್ವರಿಯ ಒಂದು ಸಣ್ಣ ಘಟಕದಲ್ಲಿದ್ದರು. ಕೆಂಪು ಅಂಕಿ ಬೆಳಗುವ ತಕ್ಕಡಿಗಳನ್ನು ತಯಾರಿಸುವ ಜಾಗ ಅದು. ಆಫೀಸಿನಲ್ಲಿ ಮಾಡಿದ್ದನ್ನೇ ಮನೆಯಲ್ಲಿ ಮಾಡಿದರೆ ಹವ್ಯಾಸ ಎನ್ನುತ್ತಾರೆ. ಗಂಡಸರಿಗೆ ಈ ಸೌಕರ್ಯವಿದೆ. ನಾನು ಅಡಿಗೆಯನ್ನು ಹವ್ಯಾಸ ಎಂದರೆ ಯಾರೂ ನಂಬುವುದಿಲ್ಲ. ಭಾನುವಾರ ಬಂತೆಂದರೆ ರೇಡಿಯೋ ಬಿಡಿಭಾಗ ಮಾರುವ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಕಡಲೇಕಾಯಿಯಂತೆ ಪೊಟ್ಟಣ ಕಟ್ಟಿಸಿಕೊಂಡು ಏನೇನೋ ತರುವರು. ಮನೆಯಲ್ಲಿ ಬೆಸುಗೆಯ ಹೊಗೆಯೂ ಒಗ್ಗರಣೆಯ ಹೊಗೆಯೂ ಒಂದಾಗಿ ಏಳುತ್ತಿದ್ದವು.

ನಾನು ಕೇಳಿದೆ: "ಬೆಲ್ಲು ಒತ್ತಿದರೆ ಹತ್ತೋ ಹಾಗೆ ಒಂದು ಬಲ್ಬು ಹಾಕಿದ್ರೆ ಸಾಲ್ದೇ?"

"ಬಲ್ಬು ಎಷ್ಟು ಹೇಳತ್ತೆ? ಹತ್ತತ್ತೆ, ಆರತ್ತೆ. ಅಷ್ಟೇ. ನಾನು ಮಾಡೋದು ಬುದ್ಧಿ ಇರೋದನ್ನ."

"ಬುದ್ಧಿ ಇರೋರು ಮನೇಲಿ ಆಗಲೇ ಜಾಸ್ತಿ ಇದ್ದಾರೆ."

"ಅದಕ್ಕೇ ಮಾತು ಕೇಳೋ ಒಂದಿರಲಿ ಅಂತ" ಎಂದರು. ಆಮೇಲೆ ಗೊತ್ತಾದದ್ದು, ಅದೂ ಮಾತು ಕೇಳುವ ಜಾತಿಯಲ್ಲ.

ಅದರ ಮೆದುಳು ಚಿಪ್ ಎನ್ನುವ ಒಂದು ಕಪ್ಪು ಚಿಪ್ಪು. ಹೊಟ್ಟೆಯ ಮೇಲೆ ಪುಟ್ಟ ಗಾಜಿನ ಕಿಟಕಿ. ಅದರಲ್ಲಿ ಬರೆದಿಟ್ಟ ಬುದ್ಧಿಯನ್ನು ಅಳಿಸಬೇಕಾದರೆ ಆ ಕಿಟಕಿಯಿಂದ ವಿಶೇಷ ಬೆಳಕು ಬಿಡಬೇಕಂತೆ. ದಿನಗಟ್ಟಲೆ ಬಿಸಿಲು ಬಿದ್ದರೂ ಮರೆವು ಬರಬಹುದಂತೆ. ಅದಕ್ಕೆ ಕಿಟಕಿಯನ್ನು ಮುಚ್ಚಿಡಬೇಕು. ಅಂಟಿಸಲು ಏನೂ ಸಿಗದೆ ಇವರು ತಡಕಾಡುತ್ತಿದ್ದಾಗ, ನಾನು ಕನ್ನಡಿಗೆ ಅಂಟಿಸಿಟ್ಟಿದ್ದ, ಹಣೆಗಿಡುವ ದೊಡ್ಡ ಟಿಕಲಿಯೊಂದನ್ನು ಕಿತ್ತು ಅದರ ಮೇಲೆ ಒತ್ತಿದೆ. ಮಾಟುಂಗದಲ್ಲಿ ಮಲ್ಲಿಗೆ ಕೊಳ್ಳುವಾಗ ಕೊಂಡ ಕೆಂಪು ಟಿಕಲಿ. ಚಿಪ್ಪು ಹಣೆಗಿಟ್ಟುಕೊಂಡು ಲಕ್ಷಣವಾಗಿ ಕೂತಿತು. ಮಾವನವರು ಕನ್ನಡಕ ಏರಿಸಿ ನೋಡಿ, "ಮುತ್ತೈದೆ. ಎಲ್ಲಾ ಒಳ್ಳೇದಾಗತ್ತೆ ಬಿಡು" ಎಂದರು.

ಹಾಲಿನ ಗೋಡೆಗೆ ಕಪ್ಪು ಪೆಟ್ಟಿಗೆ ಏರಿತು. ಅದರಲ್ಲಿ ನಾಲ್ಕು ಅಂಕಿಯ ಜಾಗ. ಬಲಗಡೆಯ ಜೋಡಿಯಲ್ಲಿ ಹನ್ನೊಂದು ಬಂದರೆ ಬಾಗಿಲು. ನಾನು ಅಡಿಗೆಮನೆಯ ಗುಂಡಿ ಒತ್ತಿ ಇಪ್ಪತ್ತೆರಡು ಬಂದರೆ ಊಟ ಅಥವಾ ಕಾಫಿ. ಎಡಗಡೆಯ ಜೋಡಿ ಟೆಲಿಫೋನಿಗೆ. ಟೆಲಿಫೋನು ಇರಲಿಲ್ಲ. ಅರ್ಜಿ ಹಾಕಿದ್ದೆವು. ವಾಣಿ ತೊಟ್ಟಿಲಲ್ಲಿದ್ದಾಗ ಹಾಕಿದ ಅರ್ಜಿ. ಬಂದ ದಿನ ತಬ್ಬಿಬ್ಬಾಗಬಾರದೆಂದು ಕಿಟಕಿಯ ತನಕ ಒಂದು ತಂತಿಯನ್ನೂ ಎಳೆದಿಟ್ಟು, ಅದರ ತುದಿಯನ್ನು ಸುರುಳಿ ಸುತ್ತಿ ಬಿಟ್ಟಿದ್ದರು. ಏನೂ ಇಲ್ಲದಾಗ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಾತ್ರ, ಜೀವ ಇದೆ ಎನ್ನುವುದಕ್ಕೆ.

ಮೊದಲ ಸಂಜೆ ವಾಣಿ ಹೊರಗೆ ಹೋಗಿ ಬೆಲ್ಲು ಒತ್ತುವುದು, ಹನ್ನೊಂದು ಬೆಳಗುವುದು, ತಾತ ಎದ್ದು ಬಾಗಿಲು ತೆರೆಯುವುದು, ಇದೇ ಆಟವಾಯಿತು. ಮಾವನವರು ಕುರ್ಚಿಯನ್ನು ಮತ್ತೆ ಬಾಗಿಲ ಹತ್ತಿರ ತಂದರು. ಒಂದು ವಾರ ನೋಡಿ ಕೀಲಿ ವಾಪಸು ತರೋಣ ಎಂದು ಇವರು ಹೇಳಿದರು.

ಮರುದಿನ ಬೆಳಿಗ್ಗೆ ನಾನು ಚಟ್ನಿಗೆ ಮಿಕ್ಸಿ ಹಾಕಿದೆ. ಹನ್ನೊಂದು ಬಂತು. ಮಾವನವರು ಎದ್ದು ಬಾಗಿಲು ತೆರೆದರು. ಯಾರೂ ಇಲ್ಲ. ಬಾಗಿಲು ಹಾಕಿ ಕೂತರು. ಕಾಯಿ ಇನ್ನೂ ನುಣ್ಣಗಾಗಿಲ್ಲವೆಂದು ನಾನು ಮತ್ತೆ ಮಿಕ್ಸಿ ಹಾಕಿದೆ. ಅವರು ಮತ್ತೆ ಎದ್ದರು.

ದಿನವೂ ಇದೇ ಆಯಿತು. ಯಂತ್ರದ ಮೇಲೆ ಅವರಿಗೆ ಅನುಮಾನವಿರಲಿಲ್ಲ. ಬೆಲ್ಲು ಒತ್ತಿ ಓಡಿಹೋಗುವ ಹುಡುಗರ ಮೇಲೆ ಇತ್ತು. ಬಾಗಿಲಲ್ಲಿ ನಿಂತು ಮೆಟ್ಟಿಲನ್ನು ಮೇಲೆ ಕೆಳಗೆ ನೋಡುವರು. ಎದುರಿನ ಸುಲಭಾತಾಯಿ, "ಆಜೋಬಾ, ಕುಣಾಚೀ ವಾಟ್ ಬಘತಾಯ್?" ಎಂದು ಕೇಳುವರು, ಯಾರ ದಾರಿ ಕಾಯುತ್ತಿದ್ದೀರಿ ಎಂದು. ಕೇಳಿಸದ ಮಾವನವರು ಕೈಮುಗಿದು ಮುಗುಳ್ನಗುವರು. ಹೀಗೆ ಕೆಲವು ದಿನ ಕಳೆಯುವಷ್ಟರಲ್ಲಿ ಸುಲಭಾತಾಯಿ ಬಟ್ಟಲು ಹಿಡಿದು ಬರತೊಡಗಿದರು. "ಆಜೋಬಾಂನೀ ದಾರ್ ಉಘಡಲಂ, ಮ್ಹಣಜೇ ಚಟ್ನೀ ಝಾಲೀ!" ಅಜ್ಜ ಬಾಗಿಲು ತೆರೆದರೆಂದರೆ ನಮ್ಮಲ್ಲಿ ಚಟ್ನಿ ಆಯಿತೆಂದೇ ಅವರ ಲೆಕ್ಕ. ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ಇವರು ಸ್ಲೇಟು ತೆಗೆದುಕೊಂಡು ತಂದೆಗೆ ವಿವರಿಸಲು ಕೂತರು. ಇಂಥ ತೊಂದರೆಗೆ ಇವರ ಕೆಲಸದಲ್ಲಿ ನಾಯ್ಸ್ ಎನ್ನುತ್ತಾರಂತೆ. ಅದಕ್ಕೆ ಕನ್ನಡ ಹುಡುಕಿ, "ಗದ್ದಲ ಬರ್ತಾ ಇದೆ ಅಪ್ಪ. ಅದಕ್ಕೇ ತಪ್ಪು ತೋರಿಸ್ತಿದೆ" ಎಂದು ಬರೆದರು.

ಮಾವನವರು ಓದಿದರು. "ಎಲ್ಲಿ ಗದ್ದಲ?"

"ಮಿಕ್ಸಿಯಿಂದ. ತಂತಿಯಲ್ಲಿ ಬರತ್ತೆ. ಈ ಪೆಟ್ಟಿಗೆಗೆ ಕೇಳಿಸತ್ತೆ."

ಅವರು ಪೆಟ್ಟಿಗೆಯ ಕಡೆ ಗೌರವದಿಂದ ನೋಡಿ, "ಹಾಗಾದ್ರೆ ನನಗಿಂತ ಇದರ ಕಿವಿ ಚುರುಕಪ್ಪ" ಎಂದರು.

ಇವರು ನಗಲಿಲ್ಲ. ಎಂಜಿನಿಯರುಗಳಿಗೆ ಕೆಲಸ ಕೆಟ್ಟಾಗ ನಗು ತಡವಾಗಿ ಬರುತ್ತದೆ.

ಈ ಗದ್ದಲದ ವಿಷಯ ನನಗೆ ಪೂರ್ತಿ ಹೊಸದೇನಲ್ಲ. ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಧಾರಾವಾಹಿ ಬರುವ ಹೊತ್ತಿಗೆ ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಮಿಕ್ಸಿ ಮುಟ್ಟುವಂತಿರಲಿಲ್ಲ. ಯಾರಾದರೂ ಮುಟ್ಟಿದರೆ ದೇವರ ಮುಖದ ಮೇಲೆ ಬಿಳಿಯ ಅಕ್ಕಿಕಾಳು ಸುರಿಯುತ್ತಿತ್ತು. "ಕೋಣಾಚಾ ಮಿಕ್ಸರ್ ಚಾಲೂ ಆಹೇ? ಬಂದ್ ಕರಾ!" ಎಂದು ಮೂರೂ ಮಹಡಿಯಿಂದ ಕೂಗು ಏಳುತ್ತಿತ್ತು. ಆದ್ದರಿಂದ ಭಾನುವಾರ ನಮ್ಮಲ್ಲಿ ಇಡ್ಲಿಗೆ ಚಟ್ನಿಪುಡಿಯೇ. ಆ ಹೊತ್ತಿನಲ್ಲಿ ಪೆಟ್ಟಿಗೆಯೂ ಸಾಧುವಾಗಿ ಚುಕ್ಕೆ ಬೆಳಗಿಕೊಂಡು ಕೂತಿರುತ್ತಿತ್ತು. ಅದನ್ನು ನೋಡಿಯೇ ನಾನು, "ಅಕ್ಕಿಕಾಳು ಟೀವಿಗೆ ಬಿದ್ದಾಗ ಇದಕ್ಕೂ ಬೀಳತ್ತೆ" ಎಂದು ಇವರಿಗೆ ಹೇಳಿದ್ದು. ಅದು ತಮಗೆ ಮೊದಲೇ ಗೊತ್ತಿತ್ತೆಂದು ಇವರು ಹೇಳಿದರು. ಇದ್ದೀತು.

ನಂತರದ ವಾರಗಳಲ್ಲಿ ನಮ್ಮ ಮನೆ ಪ್ರಯೋಗಶಾಲೆಯಾಯಿತು. ಇವರು ಹಾಲಿನಲ್ಲಿ ಸ್ಟೂಲು ಹತ್ತಿ ಪೆಟ್ಟಿಗೆ ನೋಡುವುದು, ನಾನು ಅಡಿಗೆಮನೆಯಲ್ಲಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಲ್ಲುವುದು.

"ಹಾಕು!"

"ಹಾಕಿದೆ!"

"ತೆಗಿ!"

"ತೆಗೆದೆ!"

"ಈಗ ತೆಗೆದೆಯೋ, ಆಗಲೇ ತೆಗೆದೆಯೋ?"

"ನೀವು ತೆಗಿ ಅಂದಾಗ ತೆಗೆದೆ!"

ಕೆಳಗಿನ ಮಹಡಿಯವರು ನಮ್ಮದು ಜಗಳವೆಂದು ತಿಳಿದು ಒಂದು ದಿನ ಸಮಾಧಾನ ಮಾಡಲು ಬಂದರು. ಮಿಕ್ಸಿಗೆ ಎಂಬತ್ತೆಂಟು ಪಟಪಟನೆ ಮಿಟುಕಿ ಹನ್ನೊಂದಾಗುತ್ತಿತ್ತು. ಫ್ರಿಜ್ಜು ಗುಡುಗಿ ಶುರುವಾಗುವಾಗ ಒಂದೇ ಗೆರೆ ಮಿಂಚಿ ಹೋಗುತ್ತಿತ್ತು. ಸಂಜೆ ನೀರಿನ ಪಂಪು ಹೊರಟರೆ ಅಂಕಿಗಳಿಗೆ ಚಳಿ ಹಿಡಿದಂತೆ ನಡುಕ. ಟ್ಯೂಬ್‌ಲೈಟು ಹತ್ತುವ ಮೊದಲು ಕಣ್ಣು ಹೊಡೆಯುತ್ತದಲ್ಲ, ಇದೂ ಜೊತೆಗೆ ಕಣ್ಣು ಹೊಡೆಯುತ್ತಿತ್ತು.

ಇದೆಲ್ಲ ತಮಾಷೆಯಾಗಿಯೇ ಇತ್ತು, ಪೆಟ್ಟಿಗೆ ಪೂರ್ತಿ ಬೆಪ್ಪಾಗಿ ನಿಂತ ದಿನದವರೆಗೆ. ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ಫ್ರಿಜ್ಜಿನ ಒಂದು ಗುಡುಗಿಗೆ ಎಪ್ಪತ್ತರ ಅಂಕಿಯಲ್ಲೇ ಅದು ಕಲ್ಲಾಗಿಬಿಟ್ಟಿದೆ. ಗ್ಯಾಸಿನವನು ಸಿಲಿಂಡರು ಹೊತ್ತು ಬಂದು, ಬೆಲ್ಲು ಒತ್ತಿ ಒತ್ತಿ, ಹೊತ್ತುಕೊಂಡೇ ಇಳಿದುಹೋದ. ಮಾವನವರು ಪೆಟ್ಟಿಗೆಯ ಎದುರೇ ಕೂತು ಹನ್ನೊಂದಕ್ಕೆ ಕಾಯುತ್ತಿದ್ದರು. ಒಂದು ವಾರ ಸೀಮೆಎಣ್ಣೆ ಸ್ಟೋವಿನಲ್ಲಿ ಅಡಿಗೆಯಾಯಿತು. ಕೊನೆಗೆ ಮಾವನವರೇ ಮಗನನ್ನು ಕರೆದು, "ಸಾಕು ನಾಗೂ. ಕೀಲಿ ಅಲ್ಲೇ ಇರಲಿ. ಕಿವಿ ಹೋದವನಿಗೆ ಬಾಗಿಲು ಯಾಕೆ?" ಎಂದು, ಕುರ್ಚಿಯನ್ನು ಎತ್ತಿಕೊಂಡು ಕಿಟಕಿಯ ಕಡೆ ನಡೆದರು. ಎಳೆಯಲಿಲ್ಲ, ಎತ್ತಿಕೊಂಡು ಹೋದರು.

ಆಗ ಇವರು ತಮ್ಮ ಜೊತೆ ಕೆಲಸ ಮಾಡುವ ಸದಾನಂದನನ್ನು ಕರೆದುಕೊಂಡು ಬಂದರು. ಉಡುಪಿ ಕಡೆಯವನು. ಮಾಟುಂಗದ ಹೋಟೆಲುಗಳ ಗ್ರೈಂಡರು ಕೆಟ್ಟರೆ ಅವನ ಅಣ್ಣಂದಿರು ಅವನನ್ನೇ ಕರೆಯುವುದು. ಬಂದವನೇ, "ಇದು ಟ್ರೈನಿಂದು ಮಾರಾಯ್ರೆ, ಸಂಶಯವೇ ಬೇಡ. ಲೋಕಲ್ ಹೋಗುವಾಗ ಹಳಿಯಲ್ಲಿ ಕಿಡಿ ಹಾರ್ತದಲ್ಲ?" ಎಂದ. ಇಬ್ಬರೂ ಅರ್ಧ ದಿನ ಕಿಟಕಿಯಲ್ಲಿ ನಿಂತು ಚರ್ಚ್‌ಗೇಟಿಗೆ ಹೋಗುವ ಗಾಡಿ, ಬೊರಿವಿಲಿಗೆ ಹೋಗುವ ಗಾಡಿ ಎಂದು ನೋಡಿದರು. ಎಷ್ಟು ಗಾಡಿ ಹೋದರೂ ಚುಕ್ಕೆ ಅಲುಗಲಿಲ್ಲ. ನಾನು ಇಬ್ಬರಿಗೂ ಕಾಫಿ ಮಾಡಲು ಲೈಟು ಹಾಕಿದೆ. ಅಲುಗಿತು.

"ಟ್ರೈನ್ ಅಲ್ಲ ಅಂತಾಯ್ತು. ಅಕ್ಕನ ಅಡಿಗೆಮನೆಯೇ" ಎಂದು ಸದಾನಂದ ಪ್ಲಗ್ಗು ಬಿಚ್ಚಿ ಒಳಗೆ ನೋಡಿದ. "ಎಂತ ಇದು, ಈ ಮೂರನೇ ತೂತು ಬರೀ ಚಂದಕ್ಕೆ ಇಟ್ಟದ್ದಾ? ಇದರಲ್ಲಿ ಅರ್ಥೇ ಇಲ್ಲ!"

ಭೂಮಿಗೆ ಇಳಿಯಬೇಕಾದ ತಂತಿಗೆ ಅವರ ಭಾಷೆಯಲ್ಲಿ ಅರ್ಥ್ ಎನ್ನುತ್ತಾರೆ. ಬಿಲ್ಡಿಂಗು ಕಟ್ಟಿದವರು ತೂತು ಮಾತ್ರ ಕೊಟ್ಟು ತಂತಿ ಉಳಿಸಿಕೊಂಡಿದ್ದರು. ಎಲ್ಲರೂ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತದ್ದನ್ನು ಕಂಡು ಮಾವನವರು ಕಿಟಕಿಯಿಂದಲೇ ಏನೆಂದು ಹುಬ್ಬು ಹಾರಿಸಿದರು. ನಾನು ಸ್ಲೇಟಿನ ಮೇಲೆ, "ಪ್ಲಗ್ಗಿನಲ್ಲಿ ಅರ್ಥ ಇಲ್ಲವಂತೆ" ಎಂದು ಬರೆದು ತೋರಿಸಿದೆ.

"ಈ ಊರಲ್ಲಿ ಇನ್ಯಾವುದರಲ್ಲಿದೆಯಮ್ಮ?" ಎಂದರು.

ಸದಾನಂದ ಬಿದ್ದು ಬಿದ್ದು ನಕ್ಕ. ಆದರೆ ಆ ಒಂದು ಸಂಜೆಯಲ್ಲೇ ಅರ್ಧ ರೋಗ ಪತ್ತೆಯಾಯಿತು. ಬಾಗಿಲಿನ ಬೆಲ್ಲಿನ ತಂತಿ ಮಿಕ್ಸಿಯ ಕರೆಂಟಿನ ತಂತಿಗೆ ಒತ್ತಿಕೊಂಡೇ ಗೋಡೆಗುಂಟ ಬಂದಿತ್ತು. "ಪಕ್ಕದಲ್ಲೇ ಮಲಗಿದ ಮೇಲೆ ಗೊರಕೆ ಕೇಳಿಸದೆ ಇರತ್ತಾ?" ಎಂದು ಇವರು ನನಗೆ ವಿವರಿಸಿದರು. ಈ ಒಂದು ವಿಷಯವನ್ನು ಇವರು ನನಗೆ ವಿವರಿಸಬೇಕಾಗಿರಲಿಲ್ಲ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಲ್ಲಿನ ತಂತಿಗೆ ಬೇರೆ ದಾರಿಯಾಯಿತು. ಒಂಟಿ ತಂತಿಗಳನ್ನು ನನ್ನ ಜಡೆಯಂತೆ ಹೆಣೆದರು, ಹೆಣೆದುಕೊಂಡ ತಂತಿಗೆ ಹೊರಗಿನ ಮಾತು ತಾಕುವುದಿಲ್ಲವಂತೆ. ಸದಾನಂದ ಪ್ಲಗ್ಗಿಗೆ ಸರಿಯಾದ ಅರ್ಥ ಕೊಟ್ಟ. ಚಿಪ್ಪಿನ ಟಿಕಲಿ ಕಿತ್ತು, ಜೋಗೇಶ್ವರಿಗೆ ಒಯ್ದು, ಹಳೆಯ ಬುದ್ಧಿ ಅಳಿಸಿ ಹೊಸದು ಬರೆದು ತಂದರು. ಒಂದು ಸಲ ಬೆಲ್ಲು ಕೇಳಿಸಿದರೆ ನಂಬಬೇಡ, ಸ್ವಲ್ಪ ತಡೆದು ಮತ್ತೆ ಕೇಳು, ಆಗಲೂ ಇದ್ದರೆ ಹೇಳು ಎಂಬುದು ಆ ಹೊಸ ಬುದ್ಧಿ. ನಾನು ಹೊಸ ಟಿಕಲಿ ಇಟ್ಟೆ. ಕೊನೆಯದಾಗಿ, ಪೆಟ್ಟಿಗೆಗೆ ಹೋಗುವ ಪ್ರತಿಯೊಂದು ತಂತಿಗೂ ಒಂದೊಂದು ಕಪ್ಪು ಬಳೆ ತೊಡಿಸಿದರು. ಬಾರದ ಟೆಲಿಫೋನಿನ ತಂತಿಗೂ ಸೇರಿಸಿ. ಗದ್ದಲ ಆ ಬಳೆಯೊಳಗೆ ತೂರಲಾರದೆ ಅಲ್ಲೇ ಸುಸ್ತಾಗಿ ಕೂರುತ್ತದಂತೆ.

ಮಿಕ್ಸಿ ಹಾಕಿದೆ. ಚುಕ್ಕೆ ಚುಕ್ಕೆಯಾಗಿಯೇ ಇತ್ತು. ಫ್ರಿಜ್ಜು ಗುಡುಗಿತು, ಪಂಪು ಹೊರಟಿತು, ಚುಕ್ಕೆ ಮಿಸುಕಲಿಲ್ಲ. ಬೆಲ್ಲು ಒತ್ತಿದರೆ ಮಾತ್ರ, ಒಂದು ಉಸಿರು ತಡೆದು, ಹನ್ನೊಂದು. ಕುರ್ಚಿ ಮತ್ತೆ ಬಾಗಿಲ ಹತ್ತಿರ ಬಂತು. ಗ್ಯಾಸಿನವನು ಬಂದ, ಮಾವನವರು ತೆರೆದರು. ಮಳೆಯಲ್ಲಿ ನೆನೆದ ವಾಣಿ ಬಂದಳು, ಟವೆಲು ಹಿಡಿದುಕೊಂಡೇ ತೆರೆದರು. ಒಂದು ತಿಂಗಳಾದ ಮೇಲೆ ಅವರೇ ಎದುರು ಮನೆಗೆ ಹೋಗಿ, ಕ್ಯಾಲೆಂಡರಿನ ಮೊಳೆಯಿಂದ ಕೀಲಿಯನ್ನು ತಮ್ಮ ಕೈಯಾರೆ ಇಳಿಸಿಕೊಂಡು ಬಂದರು. ಇವರು ಆಫೀಸಿನಲ್ಲಿ ಪೇಡಾ ಹಂಚಿದರು.

ಕತೆ ಇಲ್ಲಿಗೆ ಮುಗಿಯಬೇಕು. ಮುಗಿದಿದ್ದರೆ ಬಳೆ ಹೊಲಿಗೆಯ ಡಬ್ಬಿಗೆ ಬರುತ್ತಿರಲಿಲ್ಲ.

ಮೊದಲು ತಕರಾರು ತೆಗೆದವರು ಸುಲಭಾತಾಯಿ. "ವಾಣೀಚೀ ಆಯೀ, ಚಟ್ನೀ ಬಂದ್ ಕೇಲೀತ್ ಕಾ?" ಎಂದು ಮೆಟ್ಟಿಲಲ್ಲಿ ಹಿಡಿದು ಕೇಳಿದರು, ಚಟ್ನಿ ಮಾಡುವುದನ್ನೇ ಬಿಟ್ಟಿರಾ ಎಂದು. ದಿನಾ ಮಾಡುತ್ತಿದ್ದೇನಲ್ಲ ಎಂದೆ. ಬಾಗಿಲು ತೆರೆಯದೆ ತಮಗೆ ತಿಳಿಯುವುದು ಹೇಗೆ ಎಂದರು. ಅದೂ ಸರಿಯೇ.

ಮನೆಗೆ ಬಂದರೆ ಮಾವನವರೂ ಅದನ್ನೇ ಕೇಳಿದರು. "ಈಚೆಗೆ ಚಟ್ನಿ ಒರಳಲ್ಲಿ ಮಾಡ್ತೀಯೇನಮ್ಮ?" ಒರಳು ನಮ್ಮಲ್ಲಿ ಇರಲೇ ಇಲ್ಲ. ಎರಡು ದಿನ ಬಿಟ್ಟು, "ಫ್ರಿಜ್ಜು ಕೆಟ್ಟಿದೆಯಾ?" ಎಂದರು. ಇನ್ನೊಂದು ಸಂಜೆ ಬಕೆಟ್ಟುಗಳನ್ನು ಬಗ್ಗಿ ನೋಡಿ, "ಪಂಪು ಬಿಡ್ಲಿಲ್ವೆ ಇವತ್ತು? ನೀರು ಬಂತಾ?" ಎಂದರು. ಪಂಪು ಆ ಹೊತ್ತಿಗೇ ನಮ್ಮ ಕಿವಿ ಕೊರೆಯುತ್ತಿತ್ತು.

ಇವರು ಸ್ಲೇಟಿನಲ್ಲಿ ಬರೆದರು: "ಇದೆಲ್ಲ ಯಾಕೆ ಕೇಳ್ತಿದೀರಿ ಅಪ್ಪ?"

"ಬೀರೂರಲ್ಲಿದ್ದಾಗ" ಎಂದು ಮಾವನವರು ಶುರು ಮಾಡಿದರು, "ತಂತಿಯಲ್ಲಿ ಅಕ್ಷರದ ಮಧ್ಯೆ ಸುಮ್ಮಸುಮ್ಮನೆ ಒಂದು ತೊದಲು ಬರೋದು. ಯಾರೂ ಕಳಿಸಿದ್ದಲ್ಲ ಅದು. ಹೊಸಬರು ತಪ್ಪು ಅಂತ ಬಿಟ್ಟುಬಿಡೋರು. ನನಗೆ ಗೊತ್ತಾಗೋದು, ಓ, ತಿಪಟೂರ ಕಡೆ ಸಿಡಿಲು ಮಳೆ. ಛತ್ರಿ ತಗೊಂಡು ಮನೆಗೆ ಹೋಗೋದು." ಪೆಟ್ಟಿಗೆಯ ಕಡೆ ಕೈ ತೋರಿಸಿದರು. "ಇದೂ ಹಾಗೇ ತೊದಲ್ತಿತ್ತು. ಎಂಟೆಂಟು ಬಂದ್ರೆ ನೀನು ಅಡಿಗೆಮನೇಲಿದೀಯ. ಚಟ್ನಿಪುಡಿಯಾದ್ರೆ ಜೋರು, ಹಿಟ್ಟು ರುಬ್ಬಿದ್ರೆ ನಿಧಾನ. ಒಂದು ಗೆರೆ ಅಂದ್ರೆ ಫ್ರಿಜ್ಜು. ನಡುಗಿದ್ರೆ ನೀರು ಬಂತು. ಬಾಗಿಲು ತೆಗೆಯೋದು ಬೇಡ ಅಂತ ಆಮೇಲಾಮೇಲೆ ಗೊತ್ತಾಗ್ತಿತ್ತು. ಆದ್ರೂ ಎದ್ದು ತೆಗೀತಿದ್ದೆ. ಆ ಎದುರು ಮನೆ ಬಾಯಿಗೆ ಚಟ್ನಿ ಬೇಕಲ್ಲ. ಈಗ ಇದು ಬರೀ ಸತ್ಯ ಹೇಳತ್ತೆ. ದಿನಕ್ಕೆ ಎಷ್ಟು ಸತ್ಯ ಇರತ್ತೆ? ಹಾಲು, ಕಸ, ವಾಣಿ. ಉಳಿದ ಹೊತ್ತು ಮನೇಲಿ ಯಾರೂ ಇಲ್ವೇನೋ ಅನ್ನೋ ಹಾಗೆ ಇರತ್ತೆ" ಎಂದರು.

ದೂರೇನೂ ಇರಲಿಲ್ಲ ದನಿಯಲ್ಲಿ. ಮಳೆ ಬಂತು, ಮಳೆ ಇಲ್ಲ ಎಂದ ಹಾಗೆ ಹೇಳಿ ಎದ್ದು ಸ್ನಾನಕ್ಕೆ ಹೋದರು.

ಇವರು ಸ್ಟೂಲು ಎಳೆದು ಪೆಟ್ಟಿಗೆಯ ಕೆಳಗೆ ಕೂತರು. "ಇಷ್ಟು ಕಷ್ಟಪಟ್ಟು ತೆಗೆದದ್ದನ್ನ ಮತ್ತೆ ಒಳಗೆ ಬಿಡಬೇಕಾ?" ಎಂದು ನನ್ನನ್ನು ಕೇಳಿದರು.

"ಬಾಗಿಲಿಗೆ ಬಿಡಬೇಡಿ. ಬೇರೆ ಜಾಗ ಇಲ್ವೇ?"

"ಬೇರೆ ಜಾಗ ಅಂದ್ರೆ?"

ನಾನು ಎಡಗಡೆಯ ಜೋಡಿಯನ್ನು ನೋಡಿದೆ. ಇವರೂ ನೋಡಿದರು. ಟೆಲಿಫೋನು ಹೇಗೂ ಬಂದಿರಲಿಲ್ಲ.

ಕಿಟಕಿಯ ತನಕ ಸುಮ್ಮನೆ ಬಿದ್ದಿದ್ದ ತಂತಿಯ ಸುರುಳಿ ಬಿಚ್ಚಿ, ಜಡೆ ಬಿಚ್ಚಿ, ಫ್ರಿಜ್ಜಿನ ಹಿಂದಿನಿಂದ ಮಿಕ್ಸಿಯ ಪಕ್ಕದವರೆಗೆ ಒಂಟಿಯಾಗಿ ಎಳೆದು ಮಲಗಿಸಿದರು. ಎಲ್ಲ ಗೊರಕೆಯೂ ಕೇಳಿಸಲಿ ಎಂದು. ಬಲಗಡೆಯ ಜೋಡಿ ಎಂದಿನಂತೆ ಎರಡೆರಡು ಸಲ ವಿಚಾರಿಸಿ ನಿಜವನ್ನಷ್ಟೇ ಹೇಳಬೇಕು. ಎಡಗಡೆಯ ಜೋಡಿ ಏನು ಕೇಳಿಸಿದರೂ, ಕೇಳಿಸಿದ ಹಾಗೆಯೇ ಒದರಬಹುದು. ಬುದ್ಧಿಯನ್ನು ಮತ್ತೊಮ್ಮೆ ಅಳಿಸಿ ಬರೆದದ್ದಾಯಿತು, ಮತ್ತೊಂದು ಟಿಕಲಿಯಾಯಿತು. ಕೊನೆಗೆ ಆ ತಂತಿಯಿಂದ ಕಪ್ಪು ಬಳೆಯನ್ನು ಕಳಚಿ, ಎಲ್ಲಿಡುವುದೆಂದು ತಿಳಿಯದೆ ನನ್ನ ಕೈಗೆ ಕೊಟ್ಟರು. ನಾನು ಆಗ ಗುಂಡಿ ಹಚ್ಚುತ್ತಿದ್ದೆ.

"ಹೋಗು, ಮಿಕ್ಸಿ ಹಾಕು" ಎಂದರು. ಈ ಸಲ ಕೂಗಲಿಲ್ಲ.

ಮಾವನವರಿಗೆ ಏನೂ ಹೇಳಿರಲಿಲ್ಲ. ಅವರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಪರೀಕ್ಷೆಗೆ ತಾನೆ ಎಂದು ನಾನು ಖಾಲಿ ಜಾರನ್ನೇ ಇಟ್ಟು ಗುಂಡಿ ತಿರುಗಿಸಿದೆ. ಅದು ಬರಿಹೊಟ್ಟೆಯಲ್ಲಿ ಕಿರ್ ಎಂದು ಸುತ್ತಿತು. ಹಾಲಿನಲ್ಲಿ ಪೇಪರು ಮಡಿಸಿದ ಸದ್ದು ನನಗೆ ಕೇಳಿಸಲಿಲ್ಲ. ಆದರೆ ಮಾವನವರ ದನಿ, ಕಿವಿ ಕೇಳದವರಿಗಿರುವ ಆ ದೊಡ್ಡ ದನಿ, ಮಿಕ್ಸಿಯನ್ನೂ ದಾಟಿಕೊಂಡು ಅಡಿಗೆಮನೆಗೆ ಬಂತು:

"ಕಾಯಿ ಹಾಕೋದು ಮರೆತೆಯೇನಮ್ಮ?"

ಮಿಕ್ಸಿ ನಿಲ್ಲಿಸಿ, ತುರಿಮಣೆ ತೆಗೆದುಕೊಂಡು, ಕಾಯಿ ತುರಿಯಲು ಕೂತೆ.